ಗಂಧಕವುಳ್ಳ ಲಿಗ್ಯಾಂಡ್‌ಗಳ ಲೋಹ ಸಂಕೀರ್ಣ: ತಯಾರಿಕೆ ಮತ್ತು ಪರೀಕ್ಷೆಯ ಪ್ರಶ್ನೆಗೆ ಉತ್ತರ

ನಮಸ್ಕಾರ. ಎಂ.ಎಸ್ಸಿ. ವಿದ್ಯಾರ್ಥಿಗಳಿಂದ ಥಯೊಸೆಮಿಕಾರ್ಬಜೋನ್ ಎಂಬ ಲಿಗ್ಯಾಂಡ್‌ನ (ಲೋಹವನ್ನು ಹಿಡಿದುಕೊಂಡು ಅದರೊಡನೆ ಸಂಕೀರ್ಣವಾಗುವ ಅಣುವಿನ) ನಿಕಲ್ ಮತ್ತು ತಾಮ್ರದ ಸಂಕೀರ್ಣಗಳನ್ನು ಮಾಡಿಸಿ, ಅವು ಶಿಲೀಂಧ್ರವನ್ನು ತಡೆಯುತ್ತವೆಯೇ ಎಂದು ನೋಡಬೇಕೆಂದು ಬರೆದಿದ್ದೀರಿ. ಬಣ್ಣದ ಪುಡಿ ಬಂದರೆ ಸಂಕೀರ್ಣವಾಯಿತೆಂದು ತಿಳಿಯಬಹುದೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ತಿಳಿಯಲಾಗದು. ಅದಕ್ಕಿಂತ ಮೊದಲು ಲಿಗ್ಯಾಂಡ್‌ನ ಆಯ್ಕೆಯನ್ನೇ ಮರುಪರಿಶೀಲಿಸಬೇಕೆಂದು ನನ್ನ ಒತ್ತಾಯ. ಅದನ್ನು ತಯಾರಿಸಲು ಬೇಕಾದ ಥಯೊಸೆಮಿಕಾರ್ಬಜೈಡ್ ಅತಿ ಕಡಿಮೆ ಪ್ರಮಾಣದಲ್ಲಿಯೇ ಸೆಳೆತ (ಫಿಟ್ಸ್) ತರಬಲ್ಲ ಘೋರ ವಿಷವಾದ್ದರಿಂದ, ಅನುಭವವಿಲ್ಲದ ಕೈಗಳಿಗೆ ಅದನ್ನು ಕೊಡುವುದು ಸರಿಯಲ್ಲ. ಅದರ ಬದಲು ಸೋಡಿಯಂ ಡೈಈಥೈಲ್‌ಡೈಥಯೊಕಾರ್ಬಮೇಟ್ ತೆಗೆದುಕೊಳ್ಳಿ. ಅದು ಶುದ್ಧ ರೂಪದಲ್ಲಿ ಸಿಗುತ್ತದೆ, ನೀರಿನಲ್ಲಿ ಕರಗುತ್ತದೆ, ಎರಡು ಗಂಧಕಗಳಿಂದ ಲೋಹವನ್ನು ಹಿಡಿಯುತ್ತದೆ.

ಟ್ರೈಹೈಡ್ರೇಟ್ ರೂಪದ ಈ ಲವಣದ 2.25 ಗ್ರಾಂ ಅನ್ನು 25 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿಯೂ, ನಿಕಲ್ ಕ್ಲೋರೈಡ್ ಹೆಕ್ಸಾಹೈಡ್ರೇಟ್‌ನ 1.19 ಗ್ರಾಂ ಅನ್ನು ಅಷ್ಟೇ ನೀರಿನಲ್ಲಿಯೂ ಕರಗಿಸಿ, ಲೋಹದ ದ್ರಾವಣವನ್ನು ಲಿಗ್ಯಾಂಡ್‌ಗೆ ಕಲಕುತ್ತಾ ನಿಧಾನವಾಗಿ ಸೇರಿಸಿದರೆ ಹಸಿರು ಪ್ರಕ್ಷೇಪ ಒಡನೆಯೇ ಬೀಳುತ್ತದೆ. ಎಲ್ಲವೂ ಕೈಗೆ ಬಂದರೆ ಒಣಗಿದ ತೂಕ 1.78 ಗ್ರಾಂ. ತಯಾರಿಸುವಾಗ ಆಮ್ಲವನ್ನು ಮಾತ್ರ ಹತ್ತಿರ ತರಬೇಡಿ. ಡೈಥಯೊಕಾರ್ಬಮೇಟ್ ಆಮ್ಲದಲ್ಲಿ ಒಡೆದು, ಬೇಗ ಬೆಂಕಿ ಹಿಡಿಯುವ ವಿಷಕಾರಿ ಕಾರ್ಬನ್ ಡೈಸಲ್ಫೈಡ್ ಬಿಡುತ್ತದೆ. ಪ್ರಕ್ಷೇಪವನ್ನು ಸೋಸಿ ನೀರಿನಿಂದ ತೊಳೆಯಿರಿ. ತೊಳೆದ ನೀರಿನ ಕೆಲವು ಹನಿಗಳನ್ನು ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಹಾಕಿದಾಗ ಕಂದು ಬಣ್ಣ ಬಂದರೆ ಲಿಗ್ಯಾಂಡ್ ಇನ್ನೂ ಉಳಿದಿದೆ. ಅದೇ ನೀರಿಗೆ ಅಮೋನಿಯಾ ಬೆರೆಸಿ, ನಿಕಲ್ ಗುರುತಿಸುವ ಕಾರಕವಾದ ಡೈಮೀಥೈಲ್‌ಗ್ಲೈಆಕ್ಸೈಮ್ ಹಾಕಿದಾಗ ಕೆಂಪಾದರೆ ನಿಕಲ್ ಉಳಿದಿದೆ. ಎರಡೂ ನಿಲ್ಲುವವರೆಗೆ ತೊಳೆದು, ಒಣಗಿಸಿ, ಕ್ಲೋರೋಫಾರ್ಮ್ ಮತ್ತು ಎಥನಾಲ್ ಮಿಶ್ರಣದಿಂದ ಮರುಹರಳುಗಟ್ಟಿಸಿ. ತಾಮ್ರದ ಸಂಕೀರ್ಣಕ್ಕೆ ಬಳಸಿದ ಗಾಜಿನ ಪಾತ್ರೆಗಳನ್ನು ಇದಕ್ಕೆ ಬಳಸಬೇಡಿ, ಏಕೆಂದರೆ ತಾಮ್ರವು ಈ ಲಿಗ್ಯಾಂಡ್‌ನಿಂದ ನಿಕಲ್ ಮತ್ತು ಸತುವನ್ನು ಹೊರದೂಡುತ್ತದೆ. ಸತುವಿನ ಸಂಕೀರ್ಣವನ್ನೂ ಮಾಡಿದಾಗ, ಬಿಳಿಯಾಗಿರಬೇಕಾದ ಅದು ಕಂದು ಛಾಯೆ ತೋರಿದರೆ ಮೊದಲು ತಾಮ್ರದ ಲೇಶವನ್ನೇ ಶಂಕಿಸಬೇಕು.

ಈಗ ಪುರಾವೆ. ನನ್ನ ಮಟ್ಟಿಗೆ ಲೋಹದ ಪ್ರಮಾಣವೇ ಮೊದಲ ಸಾಕ್ಷಿ. ಒಂದು ನಿಕಲ್‌ಗೆ ಎರಡು ಲಿಗ್ಯಾಂಡ್ ಎಂಬ ಸೂತ್ರದ ಪ್ರಕಾರ ನಿಕಲ್ 16.5 ಶೇಕಡಾ ಇರಬೇಕು. ಹೊಗೆಗೂಡಿನಲ್ಲಿ 0.1 ಗ್ರಾಂ ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲಿ ನಿಧಾನವಾಗಿ ಪೂರ್ತಿ ಒಡೆದು, ನಿಕಲ್ ಅನ್ನು ಡೈಮೀಥೈಲ್‌ಗ್ಲೈಆಕ್ಸೈಮ್ ಪ್ರಕ್ಷೇಪವಾಗಿ ತೂಗಿದರೆ ಸುಮಾರು 81 ಮಿ.ಗ್ರಾಂ ಸಿಗಬೇಕು. ಅವಕೆಂಪು ರೋಹಿತದಲ್ಲಿ ಇಂಗಾಲ–ಸಾರಜನಕ ಬಂಧದ ಪಟ್ಟಿ 1450ರಿಂದ 1550 ಸೆಂ.ಮೀ.⁻¹ ನಡುವೆ, ಅಂದರೆ ಏಕಬಂಧಕ್ಕೂ ದ್ವಿಬಂಧಕ್ಕೂ ನಡುವೆ ಬರುತ್ತದೆ. 1000ದ ಸುತ್ತ ಇಂಗಾಲ–ಗಂಧಕ ಪಟ್ಟಿ ಒಂದೇ ಆಗಿದ್ದರೆ ಎರಡೂ ಗಂಧಕಗಳು ಲೋಹಕ್ಕೆ ಅಂಟಿವೆಯೆಂದೂ, ಸೀಳಿ ಎರಡಾಗಿದ್ದರೆ ಒಂದೇ ಅಂಟಿರಬಹುದೆಂದೂ ಬೊನಾಟಿ ಮತ್ತು ಉಗೊ 1967ರಲ್ಲಿ ಕೊಟ್ಟ ಮಾನದಂಡವನ್ನು ಇಂದಿಗೂ ಬಳಸುತ್ತಾರೆ. ಇದು ಸೂಚನೆ ಮಾತ್ರ, ತೀರ್ಪಲ್ಲ. ವಸ್ತುವಿನ ಕಾಂತೀಯ ಗುಣವನ್ನು ಅಳೆಯುವ ಗೂಯ್ ತಕ್ಕಡಿ ಇದ್ದರೆ ಖಂಡಿತ ಬಳಸಿ: ನಿಕಲ್ ಸಂಕೀರ್ಣವು ಸಮತಲ ಚೌಕಾಕಾರದ್ದಾದ್ದರಿಂದ ಡಯಾಮ್ಯಾಗ್ನೆಟಿಕ್ (ಒಂಟಿ ಎಲೆಕ್ಟ್ರಾನ್ ಇಲ್ಲದ್ದು) ಆಗಿರಬೇಕು, ತಾಮ್ರದ್ದು ಒಂದು ಒಂಟಿ ಎಲೆಕ್ಟ್ರಾನ್‌ಗೆ ತಕ್ಕಂತೆ 1.73 ಬೋರ್ ಮ್ಯಾಗ್ನೆಟಾನ್‌ಗೆ (ಕಾಂತೀಯತೆಯ ಮಾನ) ಸಮೀಪದ ಮೌಲ್ಯ ತೋರಬೇಕು.

ಶಿಲೀಂಧ್ರದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಸಂಕೀರ್ಣದ ಸುತ್ತ ಬೆಳವಣಿಗೆ ನಿಂತ ವಲಯ ಕಂಡರೆ ಅದು ಸಂಕೀರ್ಣದ ಗುಣವೆಂದು ಹೇಳಲು ಸಾಲದು. ಸಂಕೀರ್ಣವನ್ನು ಕರಗಿಸುವ ದ್ರಾವಕವಾದ ಡೈಮೀಥೈಲ್ ಸಲ್ಫಾಕ್ಸೈಡ್ ಮಾತ್ರ, ಲಿಗ್ಯಾಂಡ್ ಮಾತ್ರ, ನಿಕಲ್ ಕ್ಲೋರೈಡ್ ಮಾತ್ರ, ಪರಿಚಿತ ಶಿಲೀಂಧ್ರನಾಶಕ ಮಾತ್ರ ಹಾಕಿದ ತಟ್ಟೆಗಳೂ ಪಕ್ಕದಲ್ಲಿರಬೇಕು. ಹೋಲಿಕೆ ಮಿಲಿಗ್ರಾಂ ಲೆಕ್ಕದಲ್ಲಿ ಬೇಡ, ಮೋಲ್ ಲೆಕ್ಕದಲ್ಲಿರಲಿ. ಒಂದು ಅಣು ಸಂಕೀರ್ಣದಲ್ಲಿ ಎರಡು ಲಿಗ್ಯಾಂಡ್ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರಿನಲ್ಲಿ ಕರಗದ ಸಂಕೀರ್ಣ ತಟ್ಟೆಯಲ್ಲಿನ ಗಟ್ಟಿ ಮಾಧ್ಯಮವಾದ ಅಗರ್‌ನಲ್ಲಿ ಹರಡುವುದೇ ಕಷ್ಟವಾದ್ದರಿಂದ ಸಣ್ಣ ವಲಯ ದುರ್ಬಲತೆಯ ಗುರುತಲ್ಲ, ಆದ್ದರಿಂದ ದ್ರವ ಮಾಧ್ಯಮದಲ್ಲಿ ಕನಿಷ್ಠ ತಡೆ ಸಾಂದ್ರತೆಯನ್ನೂ (ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಸಾಂದ್ರತೆ) ಅಳೆಯಿರಿ.

ಹಾಸನದ ಆಲೂಗಡ್ಡೆ ಬೆಳೆಗಾರರು ಅಂಗಮಾರಿಗೆ ಸಿಂಪಡಿಸುವ ಮ್ಯಾಂಕೊಜೆಬ್ ಕೂಡ ಮ್ಯಾಂಗನೀಸ್ ಮತ್ತು ಸತುವಿನ ಡೈಥಯೊಕಾರ್ಬಮೇಟ್ ಎಂದು ವಿದ್ಯಾರ್ಥಿಗಳಿಗೆ ಹೇಳಿ, ವಿಷಯ ಅವರಿಗೆ ಹತ್ತಿರವಾಗುತ್ತದೆ. ಆದರೆ ನೀವು ಮಾಡಿದ ಪುಡಿಯನ್ನು ಯಾವ ಗಿಡಕ್ಕೂ ಸಿಂಪಡಿಸಕೂಡದು. ನಿಕಲ್ ಸಂಯುಕ್ತಗಳು ಚರ್ಮಕ್ಕೆ ಅಲರ್ಜಿ ತರುತ್ತವೆ, ಅವುಗಳ ಧೂಳು ಕ್ಯಾನ್ಸರ್‌ಕಾರಕ. ಕೈಗವಸು ಕಡ್ಡಾಯವಿರಲಿ; ಸೋಸಿದ ದ್ರಾವಣ ಮತ್ತು ಕ್ಲೋರೋಫಾರ್ಮ್ ಅನ್ನು ತೊಟ್ಟಿಗೆ ಸುರಿಯದೆ, ಹೆಸರು ಬರೆದ ಬೇರೆಬೇರೆ ಬಾಟಲಿಗಳಲ್ಲಿ ಕೂಡಿಡಿ.