ಸೋಮವಾರದ ಹೊಟ್ಟೆನೋವು

ಪತ್ರ: ಒಂಬತ್ತನೇ ಕ್ಲಾಸಿನ ಮಗಳಿಗೆ ಸೋಮವಾರ ಬಂತೆಂದರೆ ಹೊಟ್ಟೆನೋವು, ಎದೆ ಢವಢವ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಕ್ಲಾಸಿನಲ್ಲಿ ಎದ್ದು ನಿಂತು ಓದಲು ಅವಳಿಗೆ ಹೆದರಿಕೆ. ‘ಮನೆಯಲ್ಲೇ ಇರು’ ಅಂದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತಾಳೆ. ಅತ್ತೆ ‘ನಾಟಕ’ ಅನ್ನುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ?
– ಒಬ್ಬ ತಾಯಿ, ಕುಮಟಾ

ತಂಗೀ, ನಾಟಕ ಅಲ್ಲ. ಈ ಸಾಲನ್ನು ಮೊದಲು ಅತ್ತೆಗೆ ಓದಿ ಹೇಳಿ. ಹೆದರಿದಾಗ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಹದಿಹರೆಯದಲ್ಲಿ ಮಿದುಳಿನ ಭಯದ ಭಾಗ ಬೇಗ ಚುರುಕಾಗುತ್ತದೆ. ಅದಕ್ಕೆ ಕಡಿವಾಣ ಹಾಕುವ ಮುಂಭಾಗ ಬಲಿಯಲು ಇಪ್ಪತ್ತು ದಾಟಬೇಕು. ‘ನೋಡಿದವರು ಏನಂದುಕೊಂಡಾರು’ ಎಂಬ ಯೋಚನೆ ಜೋರಾಗುವುದೂ ಆಗಲೇ. ಸ್ವಲ್ಪ ರಕ್ತದಲ್ಲೂ ಬರುತ್ತದೆ, ಒಪ್ಪಿದೆ.

ಆದರೆ ಬಂದ ಹೆದರಿಕೆ ಬೀಡುಬಿಡುವುದು ಯಾಕೆ? ನಿಮ್ಮ ಆ ಹತ್ತು ನಿಮಿಷವನ್ನೇ ನೋಡಿ. ತಪ್ಪಿಸಿಕೊಂಡೆ, ಬದುಕಿದೆ ಅಂತ ಮಗು ಕಲಿಯಿತು. ಓದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಾಗುವುದು ಯಾವಾಗ? ಮುಂದಿನ ಸೋಮವಾರಕ್ಕೆ ಹೆದರಿಕೆ ಇನ್ನೊಂದು ಗೇಣು ಬೆಳೆದಿರುತ್ತದೆ. ನಿಮ್ಮ ಪ್ರೀತಿಯೇ ಅದಕ್ಕೆ ಗೊಬ್ಬರ. ಬೇಜಾರಾಗಬೇಡಿ.

ನನ್ನ ಅಜ್ಜಿಯೂ ಹೀಗೇ ಮಾಡಿದಳು. ಶಿರಸಿ ಹತ್ತಿರದ ನಮ್ಮೂರ ಯಕ್ಷಗಾನದ ಆಟದಲ್ಲಿ, ಹದಿಮೂರರ ನಾನು ಬಾಲಗೋಪಾಲನ ಬಣ್ಣ ಹಚ್ಚಿಕೊಂಡು ಚೌಕಿಯಿಂದಲೇ, ಅಂದರೆ ವೇಷ ಕಟ್ಟುವ ಜಾಗದಿಂದಲೇ, ಓಡಿಬಂದೆ. ‘ಪಾಪದ ಮಾಣಿ’ ಅಂತ ಅವಳು ಬಾಗಿಲು ಹಾಕಿಕೊಂಡಳು. ಆಮೇಲೆ ಎರಡು ವರ್ಷ ಚಂಡೆ ಸದ್ದಿಗೇ ಬೆವರುತ್ತಿದ್ದೆ. ಊರ ಭಾಗವತರು ಬೈಯಲಿಲ್ಲ, ಬಿಡಲೂ ಇಲ್ಲ. ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಗೆ ಕರೆದು ಶ್ರುತಿಪೆಟ್ಟಿಗೆ ಹಿಡಿಸಿ ಪಕ್ಕದಲ್ಲಿ ಕೂರಿಸಿದರು. ತಿಂಗಳಾದ ಮೇಲೆ ದೂತನ ಪಾತ್ರ, ಒಂದೇ ಮಾತು: ‘ಅಪ್ಪಣೆ ಪ್ರಭೂ’. ಮುಂದಿನ ಸಲ ನಾಲ್ಕು ಮಾತು. (ಈಗ ನಿಲ್ಲಿಸುವುದೇ ಕಷ್ಟ ಎಂದು ನಮ್ಮ ಕಚೇರಿಯವರ ದೂರು.)

ಇದನ್ನೇ ಇವತ್ತು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ. ಅಮೆರಿಕದಲ್ಲಿ 488 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 60 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಜೊತೆಗೆ ಮಾತ್ರೆಯೂ ಸಿಕ್ಕವರಲ್ಲಿ 81. ಬರೀ ಹುಸಿ ಮಾತ್ರೆ ನುಂಗಿದವರಲ್ಲಿ 24.

ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ, ಮೊದಲು ಕೇಳಿ. ಇಲ್ಲವಾದರೆ ಇವತ್ತು ನಿಮ್ಮೆದುರು ಓದಲಿ. ನಾಳೆ ಗೆಳತಿಯೆದುರು. ಆಮೇಲೆ ಕ್ಲಾಸಿನಲ್ಲಿ ಎರಡೇ ಸಾಲು.

ಆದರೆ ಆ ಎರಡು ಸಾಲಿಗೆ ಕಾಯುವ ವ್ಯವಧಾನ ಯಾವ ಶಾಲೆಗಿದೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ 625ಕ್ಕೆ ಇಷ್ಟು ಅಂತ ಊರ ತುಂಬ ಫ್ಲೆಕ್ಸ್. ಹೊಟ್ಟೆನೋವಿನ ಮಕ್ಕಳನ್ನು ಕೂರಿಸಿ ಮಾತಾಡಿಸುವವರು ಮಾತ್ರ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಅಷ್ಟು ದೊಡ್ಡ ಫ್ಲೆಕ್ಸಿನ ಮೂಲೆಯಲ್ಲಿ ಈ ಐದು ಅಂಕಿಗೆ ಜಾಗ ಇಲ್ವಾ?