ಮೊದಲು ನೀರು ಹರಿಯುವ ದಾರಿ ನೋಡಿ

ಪ್ರಶ್ನೆ: ಬೀದರ್‌ನ ನೌಬಾದ್ ಕಡೆಯ ನಮ್ಮ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಅರ್ಧ ಎಕರೆ ಬಿಟ್ಟಿದ್ದಾರೆ. ನಡುವೆ ಮಳೆನೀರು ಹರಿಯುವ ತಗ್ಗು, ಅಂಚಿನಲ್ಲಿ ಎರಡು ಹಳೆಯ ಬೇವಿನ ಮರಗಳಿವೆ. ತಗ್ಗು ಮುಚ್ಚಿ, ನೆಲ ಸಮ ಮಾಡಿ, ಹುಲ್ಲುಹಾಸು ಬೆಳೆಸಿ, ಸುತ್ತ ಸಿಮೆಂಟ್ ಹಾದಿ ಮಾಡೋಣ ಎನ್ನುತ್ತಾರೆ ಗುತ್ತಿಗೆದಾರರು. ಚಂದವೂ ಇರಬೇಕು, ನೀರೂ ಉಳಿಯಬೇಕು ಎಂದರೆ ಸಾಧ್ಯವೇ?
– ಓದುಗರೊಬ್ಬರು, ಬೀದರ್

ಉತ್ತರ: ಖಂಡಿತ ಸಾಧ್ಯ. ಆ ತಗ್ಗನ್ನು ಮಾತ್ರ ಮುಚ್ಚಗೊಡಬೇಡಿ.

ನೀವಿರುವುದು ಜಂಬಿಟ್ಟಿಗೆಯ ನೆಲದ ಮೇಲೆ. ಅದು ಮಳೆನೀರನ್ನು ಕುಡಿದು ಕೆಳಗಿಳಿಸುತ್ತದೆ. ಅಡಿಯ ಕರಿಕಲ್ಲು ತಡೆಯುತ್ತದೆ. ಬೀದರ್‌ನ ಝರಿಗಳು ಹುಟ್ಟುವುದು ಹಾಗೆ. ಬಹಮನಿ ಕಾಲದವರು ನೌಬಾದ್‌ನಲ್ಲಿ ಸುರಂಗ ಬಾವಿ (ನೆಲದಡಿ ನೀರು ಹರಿಸುವ ಸುರಂಗ, ಅದಕ್ಕಿಳಿಯುವ ಬಾವಿಗಳ ಸಾಲು) ಕೊರೆದದ್ದೂ ಈ ಗುಟ್ಟನ್ನು ತಿಳಿದೇ. ನೆಲದ ಮೇಲೆ ಸಾಲಾಗಿ ಬಾಯಿ ತೆರೆದ ಆ ಬಾವಿಗಳನ್ನು ಒಮ್ಮೆ ನೋಡಿಬನ್ನಿ. ನೀರು ಹೋದ ದಾರಿಯೇ ಅಲ್ಲಿ ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಒಳ್ಳೆಯ ನಕ್ಷೆಯನ್ನು ನಾನು ಕಂಡಿಲ್ಲ.

ಒಂದು ಸೆಂಟಿಮೀಟರ್ ಮಳೆಯಾದರೆ ನಿಮ್ಮ ಅರ್ಧ ಎಕರೆಯ ಮೇಲೆ ಸುಮಾರು 20,000 ಲೀಟರ್ ನೀರು ಬೀಳುತ್ತದೆ. ಸಿಮೆಂಟ್ ಹಾಕಿದಷ್ಟೂ ಅದು ಚರಂಡಿಯ ಪಾಲು. ತಗ್ಗನ್ನು ತುಸು ಅಗಲಿಸಿ, ಅಂಚಿಗೆ ಒಡ್ಡೊಡ್ಡಾದ ಜಂಬಿಟ್ಟಿಗೆ ಕಲ್ಲುಗಳನ್ನು ಜೋಡಿಸಿ. ಹಾದಿ ಅದರ ಬಾಗಿನ ಜೊತೆಗೇ ಬಾಗಲಿ. ಶಹಾಬಾದ್ ಫರಸಿ ಹಾಕಿ, ಆದರೆ ಸಂದುಗಳಿಗೆ ಮರಳನ್ನಷ್ಟೇ ತುಂಬಿ. ಚರಂಡಿಯ ಕೊಳಕು ಮಾತ್ರ ಆ ತಗ್ಗಿಗೆ ಸೇರಕೂಡದು.

ಹುಲ್ಲುಹಾಸಿನ ಆಸೆ ನನಗೂ ಇತ್ತು. ಕಲಬುರಗಿಯ ನನ್ನ ಮನೆಯಂಗಳದಲ್ಲಿ ಬೆಳೆಸಿದ್ದೆ. ಏಪ್ರಿಲ್‌ನಲ್ಲಿ ಕೊಳವೆಬಾವಿ ಸೊರಗಿತು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಾಗ ಹುಲ್ಲಿಗೆ ಪೈಪು ಹಿಡಿಯಲು ಮನಸ್ಸು ಒಪ್ಪಲಿಲ್ಲ. ಅದನ್ನು ಕಿತ್ತು ಕಕ್ಕೆ ನೆಟ್ಟೆ. ಈಗ ಬಿರುಬೇಸಿಗೆಯಲ್ಲಿ ಹಳದಿ ಗೊಂಚಲುಗಳು ಇಳಿಬಿದ್ದಾಗ ದಾರಿಹೋಕರು ನಿಂತು ನೋಡುತ್ತಾರೆ.

ನಿಮ್ಮಲ್ಲಿ ಕಕ್ಕೆಗಿಂತ ಮುಂಚೆ ಅರಳಲು ಮುತ್ತುಗವಿರಲಿ, ಬೇಸಿಗೆಯ ಹೊಸ ಚಿಗುರಿಗೆ ಹೊಂಗೆ, ಬೇಲಿಯಂಚಿಗೆ ತಂಗಡಿ. ಮೊದಲೆರಡು ಬೇಸಿಗೆ ನೀರುಣಿಸಿದರೆ ಆಮೇಲೆ ಇವು ತಾವೇ ತಾಳಿಕೊಳ್ಳುತ್ತವೆ. ಬೇವಿನ ಬುಡಕ್ಕೆ ಸಿಮೆಂಟ್ ಕಟ್ಟೆ ಬಿಗಿಯಬೇಡಿ. ಅಜ್ಜಂದಿರು ಕೂರಲು ನಾಲ್ಕು ಕಲ್ಲುಬೆಂಚು ಸಾಕು.

ಗುತ್ತಿಗೆದಾರರಿಗೆ ಒಪ್ಪಿಗೆ ಕೊಡುವ ಮುನ್ನ ಒಂದು ಜೋರು ಮಳೆ ಬರಲಿ. ಆಗ ಕೊಡೆ ಹಿಡಿದು ಹೋಗಿ, ನೀರು ಎಲ್ಲಿ ನಿಂತಿತು, ಎಲ್ಲಿ ಹರಿಯಿತು ಎಂದು ನೋಡಿ, ಅಲ್ಲಲ್ಲಿ ಗೂಟ ನೆಡಿ. ನಕ್ಷೆಯನ್ನು ಆ ಗೂಟಗಳ ಮೇಲೆಯೇ ಬರೆಸಿ.