ಪುಟ್ಟಣ್ಣರ ಸಿನಿಮಾಗಳಲ್ಲಿ ಬೆಸ್ಟ್ ಯಾವ್ದು?

ಪ್ರಶ್ನೆ: ಸಾರ್, ನಮ್ಮ ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ 18ಕ್ಕೆ ಅತ್ತೆ ಮನೇಲಿ ಸೇರಿದ್ವಿ, ಹೊರಗೆ ಜಡಿಮಳೆ, ಕರೆಂಟಿಲ್ಲ, ಮದ್ದು ಸೊಪ್ಪಿನ ಪಾಯಸ ತಿಂತಾ ತಿಂತಾ ಪುಟ್ಟಣ್ಣ ಕಣಗಾಲ್ ಸಿನಿಮಾಗಳಲ್ಲಿ ಬೆಸ್ಟ್ ಯಾವ್ದು ಅಂತ ಶುರುವಾಯ್ತು. ಭಾವ ‘ನಾಗರಹಾವು’ ಅಂತಾರೆ, ಅತ್ತೆ ‘ಶರಪಂಜರ’ ಬಿಟ್ಟು ಬೇರೆ ಹೆಸರೇ ಎತ್ಬೇಡಿ ಅಂತಾರೆ, ನಂಗೆ ‘ರಂಗನಾಯಕಿ’. ಜಗಳ ಇನ್ನೂ ಮುಗಿದಿಲ್ಲ, ನೀವೇ ಹೇಳಿ.
– ಒಬ್ಬ ಓದುಗ, ಸೋಮವಾರಪೇಟೆ

ಉತ್ತರ: ನಿಮ್ಮತ್ತೆ ಎದುರು ನಿಲ್ಲೋ ಧೈರ್ಯ ನಂಗೂ ಇಲ್ಲ, ಆದ್ರೂ ನನ್ನ ಲಿಸ್ಟಲ್ಲಿ ಮೊದಲು ಬರೋದು ನೀವ್ಯಾರೂ ಹೇಳದ ‘ಗೆಜ್ಜೆಪೂಜೆ’ (1969). ವೇಶ್ಯೆಯರ ಮನೆ ಹುಡುಗಿ ಚಂದ್ರಾ ತನ್ನ ಅಪ್ಪನ ಜೊತೆ ಇರೋದನ್ನ ಅವಳನ್ನ ಪ್ರೀತಿಸೋ ಸೋಮು ನೋಡಿ ಬೇರೇನೋ ತಿಳ್ಕೋತಾನಲ್ಲ, ಅಲ್ಲಿ ಖಳನಾಯಕ ಅಂತ ಯಾರೂ ಇಲ್ಲ, ಆ ಹುಡುಗಿ ಹುಟ್ಟಿದ ಮನೆಯ ಹೆಸರೇ ಸಾಕು ಅವನಿಗೆ. ಪುಟ್ಟಣ್ಣ ಇಷ್ಟು ಕೈ ಬಿಗಿ ಹಿಡಿದು ಮಾಡಿದ್ದು ಕಮ್ಮಿ.

‘ಶರಪಂಜರ’ (1971) ಎರಡನೇದು. ತ್ರಿವೇಣಿ ಕಾದಂಬರಿ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನ ಸುತ್ತಲಿನವ್ರೇ ಮತ್ತೆ ಹುಚ್ಚಿ ಮಾಡ್ತಾರೆ, ಅದನ್ನ ಕಲ್ಪನಾ ಕಣ್ಣಲ್ಲೇ ತೋರಿಸ್ತಾರೆ. ಕೊನೆಕೊನೆಗೆ ಸ್ವಲ್ಪ ಜೋರಾಯ್ತು ಅನ್ಸುತ್ತೆ ನಂಗೆ. ಆಮೇಲೆ ‘ಕೊಡಗಿನ ಕಾವೇರಿ’ ಹಾಡಿದೆಯಲ್ಲ, ಅದು ಬಂದ್ರೆ ನಮ್ಮ ಕಡೆಯವ್ರು ಹತ್ತು ಮಾರ್ಕ್ಸ್ ಸುಮ್ನೆ ಕೊಟ್ಬಿಡ್ತಾರೆ, ನಾನೂ ಕೊಟ್ಟಿರೋನೇ.

ಭಾವನವ್ರ ‘ನಾಗರಹಾವು’ (1972) ಮೂರನೇದು. ಎಲ್ರೂ ವಿಷ್ಣುವರ್ಧನ್ ಸಿಟ್ಟನ್ನ ನೋಡ್ತಾರೆ, ನಂಗೆ ಮಾತ್ರ ಚಾಮಯ್ಯ ಮೇಷ್ಟ್ರೇ ಕಾಡೋದು, ಯಾಕಂದ್ರೆ ರಾಮಾಚಾರಿ (ವಿಷ್ಣು ಪಾತ್ರ) ಊರಲ್ಲಿ ಯಾರ ಮಾತನ್ನೂ ಕೇಳಲ್ಲ, ಅವ್ರೊಬ್ಬರ ಮಾತು ಮಾತ್ರ ಕೇಳ್ತಾನೆ, ಪ್ರೀತಿಸಿದ ಅಲಮೇಲುನ ಬಿಟ್ಟುಕೊಡೋದೂ ಅವ್ರ ಮಾತಿಗೇ, ಅಷ್ಟು ಪ್ರೀತಿ ಇದ್ದ ಮೇಷ್ಟ್ರಿಂದಲೇ ಅವನ ಬದುಕು ಹಾಳಾಯ್ತು.

ನಿಮ್ಮ ‘ರಂಗನಾಯಕಿ’ (1981) ನಾಲ್ಕನೇದು, ಬೇಜಾರ್ ಮಾಡ್ಕೋಬೇಡಿ. ನಾಟಕ ಕಂಪನಿ ಭಾಗ ಚಿನ್ನ, ಆರತಿನೂ ಅದ್ಭುತ, ಆದ್ರೆ ಅಮ್ಮ ಅಂತ ಗೊತ್ತಿಲ್ದೆ ಮಗನೇ ಪ್ರೀತಿಸೋ ತಿರುವು ನಂಗೆ ಅತಿಯಾಯ್ತು.

ಅದ್ಸರಿ, ಕೊಡಗಲ್ಲಿ ಕೂತು ‘ಎಡಕಲ್ಲು ಗುಡ್ಡದ ಮೇಲೆ’ (1973) ಮರೆತ್ರಲ್ಲ! ಕಾದಂಬರಿ ಬರೆದ ಭಾರತೀಸುತ ನಮ್ಮವ್ರೇ, ಎಡಕಲ್ಲು ಇರೋದು ಕುಟ್ಟ ದಾಟಿದ್ರೆ ಸಿಗೋ ಕೇರಳದ ವಯನಾಡಲ್ಲಿ. ಕರೆಂಟ್ ಬಂದ್ಮೇಲೆ ಹಾಕಿ ನೋಡಿ, ಜಯಂತಿ ಮಾಧವಿಯಾಗಿ ಏನ್ ಮಾಡಿದ್ದಾರೆ ಅಂತ. ಅತ್ತೆಯವ್ರನ್ನೂ ಕೂರಿಸ್ಕೊಳ್ಳಿ, ಆಮೇಲೆ ಏನಂದ್ರು ಅಂತ ಒಂದು ಕಾರ್ಡ್ ಹಾಕಿ.